‘ಮಂಗರ್’ ಬಾಲದ ಇಂಗ್ಲಿಷ್ ಪದಗಳು: ಮೀನುಪೇಟೆಯಿಂದ ಗಾಳಿಸುದ್ದಿಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಎಂ-ಓ-ಎನ್-ಜಿ-ಇ-ಆರ್. ಇಂಗ್ಲಿಷಿನ ಈ ಆರಕ್ಷರದ ತುಂಡು ಒಂಟಿಯಾಗಿ ಕಾಣಿಸುವುದು ಅಪರೂಪ. ಬೇರೆ ಪದದ ಬೆನ್ನಿಗೆ ಬಾಲವಾಗಿ ಬರುವುದೇ ಹೆಚ್ಚು. ‘ಫಿಶ್’ ಬೆನ್ನಿಗೆ ಬಂದರೆ ಅದು ಮರ್ಯಾದೆಯ ಕಸುಬು, ‘ವಾರ್’ ಬೆನ್ನಿಗೆ ಬಂದರೆ ಶುದ್ಧ ಬೈಗುಳ. ಒಂದೇ ಬಾಲಕ್ಕೆ ಎರಡು ಬುದ್ಧಿ ಹೇಗೆ ಬಂತು ಎಂದು ಗೊತ್ತಿಲ್ಲದೆ ಬಳಸಿದವರು ಎಡವುತ್ತಾರೆ. ಕಾರವಾರ, ಕುಮಟಾ, ಶಿರಸಿಯ ಕಡೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ಪತ್ರಿಕೆಗೆ ಸುದ್ದಿ ಅನುವಾದಿಸುವವರು, ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಮಾಸ್ತರರು, ಅಕ್ಕೋರುಗಳು ಇದನ್ನು ಒಮ್ಮೆ ಸರಿಯಾಗಿ ಬಿಡಿಸಿಕೊಂಡರೆ ಹತ್ತು ಹದಿನೈದು ಪದ ಒಟ್ಟಿಗೇ ಕೈಗೆ ಸಿಗುತ್ತವೆ.

ಹಂತ 1: ಮೊದಲು ಬಾಯಿಗೆ ಕೂರಿಸಿ

ಓದುವಾಗ ನಮ್ಮವರು ‘ಮಾಂಜರ್’ ಅನ್ನುತ್ತಾರೆ, ಇಲ್ಲವೇ ‘ಮೊಂಗರ್’. ಎರಡೂ ಸರಿಯಲ್ಲ. ಇಲ್ಲಿನ ‘ಓ’ ಅಕ್ಷರಕ್ಕೆ ‘ಮನಿ’, ‘ಮಂಕಿ’ ಪದಗಳಲ್ಲಿರುವ ಉಚ್ಚಾರವೇ. ಆಮೇಲಿನ ‘ಜಿ’ ಗಟ್ಟಿಯಾದ ಗಕಾರ. ‘ಸಿಂಗರ್’ ಎನ್ನುವಾಗ ಇಂಗ್ಲಿಷರು ಗಕಾರವನ್ನು ಮೂಗಿನಲ್ಲೇ ನುಂಗಿಬಿಡುತ್ತಾರೆ, ಆದರೆ ‘ಹಂಗರ್’ ಎನ್ನುವಾಗ ನುಂಗುವುದಿಲ್ಲ. ನಮ್ಮ ಪದ ಹಂಗರ್‌ಗೆ ಪ್ರಾಸ: ಮಂಗರ್. ಅಮೆರಿಕದಲ್ಲಿ ಕೆಲವರು ‘ಮಾಂಗರ್’ ಎನ್ನುವುದೂ ಉಂಟು, ಅದನ್ನು ಕೇಳಿದರೆ ಗಾಬರಿ ಬೇಡ. ನಮ್ಮ ಮಂಗನಿಗೂ ಇದಕ್ಕೂ ನೆಂಟಸ್ತನವಿಲ್ಲ. ಉಚ್ಚಾರ ನೆನಪಿಟ್ಟುಕೊಳ್ಳಲು ಮಾತ್ರ ಮಂಗನ ಉಪಕಾರ ದೊಡ್ಡದು.

ಜೋಡಿಪದದಲ್ಲಿ ಒತ್ತು ಬೀಳುವುದು ಮೊದಲ ತುಂಡಿನ ಮೇಲೆ. ಫಿಶ್‌ಮಂಗರ್ ಎನ್ನುವಾಗ ‘ಫಿಶ್’ ಗಟ್ಟಿ, ‘ಮಂಗರ್’ ಮೆಲ್ಲಗೆ. ಸಲಿಗೆಯಲ್ಲಿ ಕತ್ತರಿಸಿ ‘ಮಾಂಗ್’ ಎಂದು ಮಾತ್ರ ಮಾಡಿಕೊಳ್ಳಬೇಡಿ. ಬ್ರಿಟನ್ನಿನಲ್ಲಿ ಅದು ಅಂಗವಿಕಲರನ್ನು ಹೀಯಾಳಿಸುವ ಕೊಳಕು ಮಾತು.

ಹಂತ 2: ಬೇರು ಎಲ್ಲಿದೆ ನೋಡಿ

ಹಳೆಯ ಇಂಗ್ಲಿಷಿನಲ್ಲಿ ‘ಮಾಂಗೆರೆ’ ಎಂದರೆ ವ್ಯಾಪಾರಿ. ಅದು ಲ್ಯಾಟಿನ್ನಿನ ‘ಮಾಂಗೋ’ದಿಂದ ಬಂದದ್ದು. ರೋಮನ್ನರ ಬಾಯಲ್ಲಿ ಆ ಮಾಂಗೋ ಬರೀ ವ್ಯಾಪಾರಿಯಲ್ಲ. ಸರಕನ್ನು ಮೇಲೆ ಮೇಲೆ ತಿಕ್ಕಿ, ಬಣ್ಣ ಬಳಿದು, ಇದ್ದದ್ದಕ್ಕಿಂತ ಚಂದ ಕಾಣಿಸಿ ಮಾರುವವನು, ಅದರಲ್ಲೂ ಗುಲಾಮರನ್ನು ಮಾರುವವನು. ಅಂದರೆ ಹುಟ್ಟುವಾಗಲೇ ಪದಕ್ಕೆ ಸ್ವಲ್ಪ ಕಳಂಕ ಅಂಟಿತ್ತು. ಬೇರು ಇಷ್ಟು ಗೊತ್ತಿದ್ದರೆ ಮುಂದಿನದೆಲ್ಲ ಸಲೀಸು. ವಾರ್‌ಮಂಗರ್ (ಯುದ್ಧಕ್ಕೆ ಕುಮ್ಮಕ್ಕು ಕೊಡುವವ) ಮಾಡುವುದೂ ಇದನ್ನೇ ತಾನೆ? ಕೊಳೆತ ಸರಕಿಗೆ ಹೊಳಪು ಕೊಟ್ಟು ಜನರ ಮುಂದೆ ಹರಡುವುದು.

ಇಲ್ಲೊಂದು ಗೊಂದಲ ಬಗೆಹರಿಸಿ ಮುಂದೆ ಹೋಗೋಣ. ಈ ಲ್ಯಾಟಿನ್ ಮಾಂಗೋಗೂ ಮಾವಿನಹಣ್ಣಿಗೆ ಇಂಗ್ಲಿಷರು ಹೇಳುವ ಮ್ಯಾಂಗೋಗೂ ಏನೇನೂ ಸಂಬಂಧವಿಲ್ಲ. ಹಣ್ಣಿನ ಹೆಸರು ದ್ರಾವಿಡದ್ದು. ಮಲಯಾಳದ ‘ಮಾಂಙ’ ಪೋರ್ಚುಗೀಸರ ಬಾಯಿಗೆ ಬಿದ್ದು ‘ಮಾಂಗಾ’ ಆಗಿ, ಅಲ್ಲಿಂದ ಇಂಗ್ಲಿಷಿಗೆ ಹೋಯಿತು. ಅಂಕೋಲೆಯ ಕರಿ ಈಶಾಡು ಮಾವನ್ನು ಬುಟ್ಟಿಯಲ್ಲಿ ಹೊತ್ತು ತಂದು ಮಾರುವವರನ್ನು ಯಾರಾದರೂ ‘ಮ್ಯಾಂಗೋಮಂಗರ್’ ಎಂದರೆ ಕೇಳಲು ಮೋಜು, ಆದರೆ ಅಂಥ ಪದ ಬಳಕೆಯಲ್ಲಿಲ್ಲ.

ಇಂಗ್ಲೆಂಡಿಗೆ ಬಂದ ಮೇಲೆ ಕೆಲವು ಶತಮಾನ ಈ ಪದ ಕಳಂಕ ತೊಳೆದುಕೊಂಡು ಬದುಕಿತು. ಲಂಡನ್ನಿನಲ್ಲಿ ಮೀನು ವ್ಯಾಪಾರಿಗಳ ಸಂಘಕ್ಕೆ 1272ರಲ್ಲೇ ರಾಜನ ಸನದು ಸಿಕ್ಕಿತ್ತು. ನಗರದ ಹನ್ನೆರಡು ಮಹಾ ವರ್ತಕ ಸಂಘಗಳಲ್ಲಿ ಅದೂ ಒಂದು, ಲಂಡನ್ ಸೇತುವೆಯ ಪಕ್ಕದಲ್ಲಿ ಅದರ ಭವನ ಇಂದಿಗೂ ಇದೆ. 1381ರ ರೈತ ದಂಗೆಯಲ್ಲಿ ದಂಗೆಯ ನಾಯಕ ವಾಟ್ ಟೈಲರನ ಮೇಲೆ ಕತ್ತಿ ಬೀಸಿದ ಲಂಡನ್ ಮೇಯರ್ ವಿಲಿಯಂ ವಾಲ್ವರ್ತ್ ಕೂಡ ಫಿಶ್‌ಮಂಗರನೇ. ಕಬ್ಬಿಣದ ಸಾಮಾನಿನವರ ಸಂಘಕ್ಕೆ 1463ರಲ್ಲಿ ಸನದು ದೊರೆಯಿತು. ಹೆಸರಿನಲ್ಲಿ ಮಂಗರ್ ಇದೆಯೆಂದು ಇವರ್ಯಾರೂ ನಾಚಿಕೊಂಡವರಲ್ಲ.

ಹಂತ 3: ತಕ್ಕಡಿಗೆ ಹಾಕಿ ನೋಡಿ

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳಿ ಎಂದರೆ ನಾನು ಇದನ್ನೇ ಹೇಳುತ್ತೇನೆ. ಮಂಗರ್‌ನ ಮುಂದಿರುವ ಸರಕನ್ನು ತಕ್ಕಡಿಯಲ್ಲಿ ತೂಗಬಹುದೆ? ತೂಗಬಹುದಾದರೆ ಅದು ಕಸುಬು, ತೂಗಲಾಗದಿದ್ದರೆ ಬೈಗುಳ. ಮೀನು, ಕಬ್ಬಿಣ, ಚೀಸ್ ತೂಕಕ್ಕೆ ಸಿಗುತ್ತವೆ. ಯುದ್ಧ, ಭಯ, ದ್ವೇಷ, ವದಂತಿ ಸಿಗುವುದಿಲ್ಲ. ಒಂದೇ ಒಂದು ಪದ ಈ ಪರೀಕ್ಷೆಗೆ ಜಗ್ಗುವುದಿಲ್ಲ, ಅದನ್ನು ಮುಂದಿನ ಹಂತದಲ್ಲಿ ನೋಡೋಣ.

ಕಸುಬಿನ ಪದಗಳು ಹೆಚ್ಚಿಲ್ಲ. ಫಿಶ್‌ಮಂಗರ್ ಎಂದರೆ ಮೀನು ಮಾರುವವರು. ಐರನ್‌ಮಂಗರ್ ಎಂದರೆ ಮೊಳೆ, ಚಿಲಕ, ತಿರುಪು, ಬೀಗ ಮಾರುವ ಅಂಗಡಿಯವರು. ನಾವು ಹಾರ್ಡ್‌ವೇರ್ ಅಂಗಡಿ ಎನ್ನುತ್ತೇವಲ್ಲ, ಅದು. ಇದನ್ನು ಗುಜರಿಯವರು ಎಂದು ಅನುವಾದಿಸಿದ್ದನ್ನು ಕಂಡಿದ್ದೇನೆ; ಹಳೆ ಕಬ್ಬಿಣಕ್ಕೂ ಐರನ್‌ಮಂಗರನಿಗೂ ಸಂಬಂಧವಿಲ್ಲ. ಕಟ್ಟಡದ ಕೆಲಸದಲ್ಲಿರುವವರಿಗೆ ‘ಐರನ್‌ಮಂಗರಿ’ ಎಂಬ ಪದವೂ ಎದುರಾಗುತ್ತದೆ, ಬಾಗಿಲು ಕಿಟಕಿಯ ಬಿಜಾಗರಿ, ಹಿಡಿ, ಚಿಲಕಗಳಿಗೆಲ್ಲ ಒಟ್ಟು ಹೆಸರು ಅದು. ಚೀಸ್‌ಮಂಗರ್ ಈಗ ವಿದೇಶಗಳಲ್ಲಿ ಗತ್ತಿನ ಕೆಲಸ. ಅಲ್ಲಿನ ಚೀಸ್ ಅಂಗಡಿಯವರು ತಮ್ಮನ್ನು ಬರೇ ‘ಮಂಗರ್’ ಎಂದೂ ಕರೆದುಕೊಳ್ಳುತ್ತಾರೆ. ಕಾಸ್ಟರ್‌ಮಂಗರ್ ಎಂದರೆ ಲಂಡನ್ನಿನ ಬೀದಿಯಲ್ಲಿ ಕೈಗಾಡಿಯ ಮೇಲೆ ಹಣ್ಣು, ತರಕಾರಿ ಮಾರುತ್ತಿದ್ದವರು. ‘ಕಾಸ್ಟರ್ಡ್’ ಎಂಬ ಸೇಬಿನ ಜಾತಿಯಿಂದ ಬಂದ ಹೆಸರದು, ನಾವು ತಿನ್ನುವ ಕಸ್ಟರ್ಡಿನಿಂದ ಅಲ್ಲ. ಫೆಲ್‌ಮಂಗರ್ ಎಂದರೆ ತೊಗಲು, ಅದರಲ್ಲೂ ಕುರಿಯ ತೊಗಲಿನ ವ್ಯಾಪಾರಿ. ಇದು ಇವತ್ತು ಪದಬಂಧಕ್ಕೆ ಬಿಟ್ಟರೆ ಬೇರೆಲ್ಲೂ ಬೇಕಾಗುವುದಿಲ್ಲ.

ಈ ಪಟ್ಟಿ ಬಾಗಿಲು ಹಾಕಿಕೊಂಡಿದೆ. ಹೊಸ ಕಸುಬಿಗೆ ಮಂಗರ್ ಹಚ್ಚಲು ಹೋಗಬೇಡಿ. ತರಕಾರಿಯವ ‘ವೆಜಿಟೇಬಲ್‌ಮಂಗರ್’ ಅಲ್ಲ, ಗ್ರೀನ್‌ಗ್ರೋಸರ್. ಬಟ್ಟೆಯವ ಡ್ರೇಪರ್. ಶಿರಸಿಯ ಅಡಿಕೆ ವ್ಯಾಪಾರಿಯನ್ನು ಯಾರಾದರೂ ‘ಅರೆಕಾಮಂಗರ್’ ಎಂದು ಬರೆದರೆ, ಓದುವ ಇಂಗ್ಲಿಷರಿಗೆ ಅದು ಲೇವಡಿಯಂತೆ ಕೇಳಿಸುತ್ತದೆ. ಅವರಿಗೆ ಟ್ರೇಡರ್, ಮರ್ಚೆಂಟ್ ಸಾಕು.

ಇನ್ನು ಫಿಶ್‌ಮಂಗರ್‌ನಲ್ಲಿ ನಮ್ಮ ಕರಾವಳಿಯವರು ಬೀಳುವ ಹೊಂಡ ಒಂದಿದೆ. ಫಿಶರ್‌ಮನ್ ಬೇರೆ, ಫಿಶ್‌ಮಂಗರ್ ಬೇರೆ. ಬೈತಖೋಲದ ಧಕ್ಕೆಗೆ ಬೋಟಿನಿಂದ ಇಳಿದು ಬಲೆ ಎಳೆಯುವವನು ಫಿಶರ್‌ಮನ್. ಅವನಿಂದ ಮೀನು ಕೊಂಡು ಕಾರವಾರದ ಮೀನುಪೇಟೆಯಲ್ಲಿ ಹರಡಿ ಕೂರುವ ಹೆಂಗಸು ಫಿಶ್‌ಮಂಗರ್. ಕನ್ನಡದ ‘ಗಾರ’ ಪ್ರತ್ಯಯವೇ ಈ ಎಡವಟ್ಟಿಗೆ ಕಾರಣ ಇರಬೇಕು. ಬಳೆಗಾರ ಬಳೆ ಮಾರುತ್ತಾನೆ, ಹೂಗಾರ ಹೂ ಮಾರುತ್ತಾನೆ, ಮೀನುಗಾರ ಮಾತ್ರ ಮೀನು ಹಿಡಿಯುತ್ತಾನೆ! ಆದ್ದರಿಂದ ಫಿಶ್‌ಮಂಗರ್‌ಗೆ ಮೀನುಗಾರ ಎಂದು ಬರೆದರೆ ತಪ್ಪು. ನಮ್ಮಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆಗ ಬೋಟಿನ ಫಿಶರ್‌ಮನ್‌ಗೆ ರಜೆ, ಫಿಶ್‌ಮಂಗರ್‌ಗೆ ರಜೆ ಇಲ್ಲ. ಅವಳು ನಾಡದೋಣಿಯ ಮೀನನ್ನೋ ಒಣಮೀನನ್ನೋ ಇಟ್ಟುಕೊಂಡು ಅಲ್ಲೇ ಕೂತಿರುತ್ತಾಳೆ.

ಆ ಹೆಂಗಸರನ್ನು ಒಂದು ಗಳಿಗೆ ನಿಂತು ನೋಡಿ. ಮುಂದೆ ಬಂಗಡೆ, ತಾರ್ಲೆ, ಸೀಗಡಿಯ ಗುಪ್ಪೆ, ಪಕ್ಕದಲ್ಲಿ ಮೆಟ್ಟುಗತ್ತಿ, ನಡುನಡುವೆ ಕೈಯಿಂದ ನೀರು ಚಿಮುಕಿಸುವುದು. ಗಿರಾಕಿ ಅನುಮಾನದಿಂದ ಮೂಗು ಮುರಿದರೆ ಬಂಗಡೆಯ ಕಿವಿರು ಎತ್ತಿ ಕೆಂಪು ತೋರಿಸಿ, “ನೋಡಿ ಅಕ್ಕೋರೆ, ಈಗಷ್ಟೇ ಬಂದದ್ದು, ಬೇಡ ಅಂದ್ರೆ ಬಿಡಿ” ಎನ್ನುತ್ತಾರೆ. ಚೌಕಾಶಿ ಜಾಸ್ತಿಯಾದರೆ ದನಿಯೂ ಏರುತ್ತದೆ. ಈ ಏರುದನಿಗೆ ಇಂಗ್ಲಿಷಿನಲ್ಲಿ ಇನ್ನೊಂದು ಪದ ಇದೆ, ಎಚ್ಚರ: ‘ಫಿಶ್‌ವೈಫ್’. ಇದರಲ್ಲಿನ ‘ವೈಫ್’ಗೆ ಹೆಂಡತಿ ಎಂಬ ಅರ್ಥವಿಲ್ಲ, ಬರೇ ಹೆಂಗಸು ಎಂದಷ್ಟೇ ಹಳೆಯ ಅರ್ಥ. ಮೀನು ಮಾರುವ ಹೆಂಗಸು ಎಂದಿದ್ದದ್ದು ಕಾಲಾಂತರದಲ್ಲಿ ಬಾಯಿ ಜೋರಿನವಳು, ಹೊಲಸು ಬಯ್ಯುವವಳು ಎಂದಾಗಿಬಿಟ್ಟಿತು. ಅದೇ ಕಸುಬಿನ ಗಂಡಸಿನ ಹೆಸರು ಗೌರವದಿಂದ ಉಳಿಯಿತು, ಹೆಂಗಸಿನ ಹೆಸರು ಬೈಗುಳವಾಯಿತು. ಇದರಲ್ಲಿ ಯಾರ ಬಾಯಿ ಹೊಲಸು ಎಂಬುದನ್ನು ಓದುಗರೇ ತೀರ್ಮಾನಿಸಬಹುದು. ಫಿಶ್‌ಮಂಗರ್ ಪದ ಹೆಂಗಸರಿಗೂ ಸಲ್ಲುತ್ತದೆ, ಅದನ್ನೇ ಬಳಸಿ.

ಒಂದು ವ್ಯಾವಹಾರಿಕ ಮಾತು. ಮೀನು ಮಾರುವ ಹೆಂಗಸರ ಪರವಾಗಿ ನಗರಸಭೆಗೋ ಜಿಲ್ಲಾಡಳಿತಕ್ಕೋ ಇಂಗ್ಲಿಷಿನಲ್ಲಿ ಅರ್ಜಿ ಬರೆಯುವುದಿದ್ದರೆ ಫಿಶ್‌ಮಂಗರ್ ಬೇಡ, ‘ಫಿಶ್ ವೆಂಡರ್’ ಎನ್ನಿ. ಬೀದಿ ವ್ಯಾಪಾರಿಗಳ ರಕ್ಷಣೆಗೆ 2014ರಲ್ಲಿ ಬಂದ ಕೇಂದ್ರ ಕಾಯ್ದೆ ಬಳಸುವ ಪದ ವೆಂಡರ್. ಕಾಯ್ದೆಯ ಪದವನ್ನೇ ಹಿಡಿದರೆ ಅರ್ಜಿಗೆ ಬಲ.

ಹಂತ 4: ತೂಗಲಾಗದ ಸರಕಿನವರನ್ನು ಗುರುತಿಸಿ

ಹದಿನಾರನೆಯ ಶತಮಾನದ ಕೊನೆಯ ಹೊತ್ತಿಗೆ ಬಾಲಕ್ಕೆ ಹಳೆಯ ಚಾಳಿ ಜೋರಾಗಿಯೇ ಮರುಕಳಿಸಿತು. ವಾರ್‌ಮಂಗರ್ ಪದ ಕವಿ ಸ್ಪೆನ್ಸರನ 1590ರ ಕಾವ್ಯದಲ್ಲಿ ಸಿಗುತ್ತದೆ. ಸುದ್ದಿ ಹೊತ್ತು ತಿರುಗುವವ ನ್ಯೂಸ್‌ಮಂಗರ್ ಆದದ್ದೂ ಆ ದಶಕದ ಆಸುಪಾಸಿನಲ್ಲೇ. ಸ್ಕೇರ್‌ಮಂಗರ್ (ಸುಳ್ಳು ಭಯ ಹಬ್ಬಿಸುವವ) ಹೊಸಬ, 1880ರ ದಶಕದವ. ಈ ಸಾಲಿನಲ್ಲಿ ರೂಮರ್‌ಮಂಗರ್, ಸ್ಕ್ಯಾಂಡಲ್‌ಮಂಗರ್, ಗಾಸಿಪ್‌ಮಂಗರ್, ಫಿಯರ್‌ಮಂಗರ್, ಹೇಟ್‌ಮಂಗರ್, ಡೂಮ್‌ಮಂಗರ್ ಎಲ್ಲರೂ ಇದ್ದಾರೆ. ಇಲ್ಲಿ ಬಾಗಿಲು ತೆರೆದೇ ಇದೆ. ಬೇಡದ ಯಾವ ಸರಕಿಗೆ ಬೇಕಾದರೂ ಹೊಸದಾಗಿ ಮಂಗರ್ ಹಚ್ಚಬಹುದು. ಒಳ್ಳೆಯ ಸರಕಿಗೆ ಹಚ್ಚಿದರೆ ವ್ಯಂಗ್ಯ ಹುಟ್ಟುತ್ತದೆ: ‘ಪೀಸ್‌ಮಂಗರ್’ ಎಂದರೆ ಶಾಂತಿದೂತ ಅಲ್ಲ, ಶಾಂತಿ ಶಾಂತಿ ಎಂದು ತಲೆ ತಿನ್ನುವವ ಎಂಬ ಕೊಂಕು.

ತಕ್ಕಡಿಗೆ ಜಗ್ಗದ ಪದ ಹೋರ್‌ಮಂಗರ್. 1611ರ ಇಂಗ್ಲಿಷ್ ಬೈಬಲಿನಲ್ಲಿ ಇದು ಬರುತ್ತದೆ. ವೇಶ್ಯೆಯರನ್ನು ಮಾರುವವ ಎಂದು ಅನ್ನಿಸುವುದು ಸಹಜ, ಆದರೆ ಅಲ್ಲಿನ ಅರ್ಥ ವೇಶ್ಯೆಯರ ಬೆನ್ನು ಹತ್ತುವ ವಿಟ. ಇಂದು ಯಾರೂ ಸಭ್ಯ ಮಾತಿನಲ್ಲಿ ಬಳಸುವುದಿಲ್ಲ, ಹಳೆಯ ಪಠ್ಯ ಓದುವಾಗ ಗೊತ್ತಿದ್ದರೆ ಸಾಕು.

ಎರಡು ಬುದ್ಧಿಯೂ ಒಂದೇ ಕಡೆ ಕಾಣಬೇಕೆಂದರೆ ಷೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದ ಎರಡನೇ ಅಂಕಕ್ಕೆ ಹೋಗಿ. ಹುಚ್ಚನಂತೆ ನಟಿಸುತ್ತಿರುವ ರಾಜಕುಮಾರ, ತನ್ನ ಗುಟ್ಟು ಕೆದಕಲು ಬಂದ ಮಂತ್ರಿ ಪೊಲೋನಿಯಸನಿಗೆ ‘ನೀನೊಬ್ಬ ಫಿಶ್‌ಮಂಗರ್’ ಎನ್ನುತ್ತಾನೆ. ಮುದುಕ ‘ನಾನಲ್ಲ ಒಡೆಯಾ’ ಎಂದರೆ, ‘ಹಾಗಾದರೆ ಅವನಷ್ಟಾದರೂ ಪ್ರಾಮಾಣಿಕ ನೀನಾಗಿದ್ದಿದ್ದರೆ’ ಎಂದು ಚುಚ್ಚುತ್ತಾನೆ. ಇದರಲ್ಲಿ ಅಶ್ಲೀಲದ ಎಳೆಯೂ ಇದೆಯೇ ಎಂದು ವಿದ್ವಾಂಸರು ಚರ್ಚಿಸುತ್ತಲೇ ಇದ್ದಾರೆ. ನಮಗೆ ಬೇಕಾದದ್ದು ಇಷ್ಟು: ಮೊದಲ ಮಾತಿನಲ್ಲಿ ಬೈಗುಳದಂತೆ ಕೇಳಿದ ಪದ ಎರಡನೇ ಮಾತಿಗೆ ಮಂತ್ರಿಗಿಂತ ಮೇಲಿನ ಗೌರವಕ್ಕೆ ಏರಿತು.

ಇಲ್ಲಿ ಗೊಂದಲ ಆಗುವ ಇನ್ನೊಂದು ಜಾಗ. ವಾರ್‌ಮಂಗರ್ ಎಂದರೆ ಶಸ್ತ್ರಾಸ್ತ್ರ ಮಾರುವವನಲ್ಲ, ಅವನು ಆರ್ಮ್ಸ್ ಡೀಲರ್. ಬಂದೂಕು ತೂಕಕ್ಕೆ ಸಿಗುತ್ತದೆ ನೋಡಿ. ವಾರ್‌ಮಂಗರ್ ಒಂದು ಗುಂಡನ್ನೂ ಮಾರದೆ ಟೀವಿ ಸ್ಟುಡಿಯೋದಲ್ಲಿ ಕೂತೇ ಕೆಲಸ ಮುಗಿಸಬಲ್ಲ.

ಹಂತ 5: ವ್ಯಾಕರಣ

ಹೆಚ್ಚು ಹೇಳುವುದೇನಿಲ್ಲ. ಬಹುವಚನಕ್ಕೆ ‘ಮಂಗರ್ಸ್’. ಕೃತ್ಯಕ್ಕೆ ‘ಮಂಗರಿಂಗ್’: ಸ್ಕೇರ್‌ಮಂಗರಿಂಗ್, ರೂಮರ್‌ಮಂಗರಿಂಗ್. ಗಮನಿಸಿ, ಈ ‘ಇಂಗ್’ ಹೆಚ್ಚಾಗಿ ಬೈಗುಳದ ಪದಗಳಿಗೇ ಒಗ್ಗುತ್ತದೆ, ಮೀನು ಮಾರುವುದಕ್ಕೆ ಯಾರೂ ಫಿಶ್‌ಮಂಗರಿಂಗ್ ಎನ್ನುವ ರೂಢಿಯಿಲ್ಲ. ಚೆನ್ನಾಗಿ ಬೇರೂರಿದ ಪದಗಳನ್ನು ಕೂಡಿಸಿಯೇ ಬರೆಯಿರಿ, ಫಿಶ್‌ಮಂಗರ್, ವಾರ್‌ಮಂಗರ್ ಒಂದೇ ಪದ. ಹೊಸತಾಗಿ ಕಟ್ಟಿದವುಗಳಿಗೆ ನಡುವೆ ಸಣ್ಣ ಗೆರೆ ಇದ್ದರೆ ಓದಲು ಸುಲಭ. ‘ಹೀ ಈಸ್ ಮಂಗರಿಂಗ್ ರೂಮರ್ಸ್’ ಎಂದು ಬಿಡಿ ಕ್ರಿಯಾಪದ ಮಾಡಿದರೆ ವಾಕ್ಯ ಕುಂಟುತ್ತದೆ, ‘ಸ್ಪ್ರೆಡಿಂಗ್ ರೂಮರ್ಸ್’ ನೇರ ಮತ್ತು ಸಹಜ. ಅಮೆರಿಕದ ಇಂಗ್ಲಿಷಿನಲ್ಲಿ ಐರನ್‌ಮಂಗರ್ ಅಪರಿಚಿತ, ಅಲ್ಲೂ ಹಾರ್ಡ್‌ವೇರ್ ಸ್ಟೋರ್ ಎಂದೇ.

ಹಂತ 6: ಕನ್ನಡಕ್ಕೆ ತರುವಾಗ

ಅನುವಾದಕರು ನಿಜವಾಗಿ ಬೆವರು ಸುರಿಸುವುದು ಇಲ್ಲಿ. ನಿಘಂಟು ತೆರೆದರೆ ‘ಮಂಗರ್: ವ್ಯಾಪಾರಿ’ ಎಂದು ಕಾಣುತ್ತದೆ. ಅದನ್ನು ನಂಬಿ ‘ಯುದ್ಧವ್ಯಾಪಾರಿ’, ‘ಭಯದ ವ್ಯಾಪಾರಿ’ ಎಂದು ಬರೆದರೆ ಕನ್ನಡ ಓದುಗನಿಗೆ ಬಂದೂಕಿನ ಅಂಗಡಿಯೋ ಮಾಟಗಾರನೋ ಕಣ್ಣಿಗೆ ಬರುತ್ತಾನೆ. ಕನ್ನಡದಲ್ಲಿ ಹೀಗೆ ಬಯ್ಯಲು ಬೇರೆಯದೇ ಬಾಲಗಳಿವೆ.

ಹೆಚ್ಚು ಹತ್ತಿರದ್ದು ‘ಕೋರ’. ಲಂಚಕೋರ, ಚಾಡಿಕೋರ, ಲಾಭಕೋರ, ದಂಗೆಕೋರ, ಯುದ್ಧಕೋರ. ಇದು ಪಾರ್ಸಿಯ ‘ಖೋರ್’ನಿಂದ ಬಂದದ್ದು, ತಿನ್ನುವವ ಎಂದರ್ಥ. ಇಂಗ್ಲಿಷರು ಕೆಟ್ಟ ಸರಕನ್ನು ಮಾರುವವನನ್ನು ಬಯ್ದರೆ, ಈ ಬಾಲ ಕೆಟ್ಟದ್ದನ್ನು ತಿನ್ನುವವನನ್ನು ಬಯ್ಯುತ್ತದೆ. ‘ಬುರುಕ’, ‘ಬಡುಕ’ ಸ್ವಲ್ಪ ಮನೆಮಾತಿನ ಬೈಗುಳಗಳು: ಸುಳ್ಳುಬುರುಕ, ಬಾಯಿಬಡುಕ. ಇವುಗಳಲ್ಲಿ ಕೋಪಕ್ಕಿಂತ ತಾತ್ಸಾರ ಜಾಸ್ತಿ. ‘ಜಗಳಗಂಟ’ನಲ್ಲಿ ಅರ್ಧ ನಗುವೂ ಇದೆ. ವಾರ್‌ಮಂಗರ್‌ಗೆ ಯುದ್ಧಕೋರ, ಯುದ್ಧದಾಹಿ ಎರಡೂ ಆದೀತು, ನನಗೆ ಮೊದಲನೆಯದೇ ಇಷ್ಟ. ಗಾಸಿಪ್‌ಮಂಗರ್‌ಗೆ ಕೆಲವರು ‘ಹರಟೆಮಲ್ಲ’ ಎನ್ನುತ್ತಾರೆ. ಅದು ತೀರ ಮೆದು, ಹರಟೆಮಲ್ಲನನ್ನು ಯಾರಾದರೂ ಚಾ ಕೊಟ್ಟು ಕೂರಿಸಿಕೊಂಡಾರು. ‘ಕಂಡವರ ಮನೆಮಾತು ಹೊತ್ತು ತಿರುಗುವವ’ ಎಂದರೆ ಬುಟ್ಟಿಯೂ ಬಂತು, ಬೈಗುಳವೂ ಬಂತು. ಸ್ಕೇರ್‌ಮಂಗರಿಂಗ್‌ಗೆ ‘ಇಲ್ಲದ ಗುಮ್ಮನನ್ನು ತೋರಿಸುವುದು’ ಚೆನ್ನಾಗಿ ಕೂರುತ್ತದೆ, ಗುಮ್ಮ ಅಂದಾಗಲೇ ಸುಳ್ಳು ಭಯ ಎಂಬುದೂ ಸೇರಿತು.

ಸುದ್ದಿ ತಲೆಬರಹದಲ್ಲಿ ನಾಮಪದದ ಬೆನ್ನು ಹತ್ತಬೇಡಿ. ‘ಪೊಲೀಸ್ ವಾರ್ನ್ ರೂಮರ್‌ಮಂಗರ್ಸ್’ ಎಂಬುದು ಕನ್ನಡದಲ್ಲಿ ‘ಗಾಳಿಸುದ್ದಿ ಹಬ್ಬಿಸಿದರೆ ಕ್ರಮ: ಪೊಲೀಸರ ಎಚ್ಚರಿಕೆ’. ಸರ್ಕಾರದ ಮೇಲೆ ವಾರ್‌ಮಂಗರಿಂಗ್ ಆರೋಪ ಬಂದರೆ ‘ಸರ್ಕಾರದಿಂದ ಯುದ್ಧೋನ್ಮಾದ: ಪ್ರತಿಪಕ್ಷ ಆರೋಪ’. ಲಂಡನ್ನಿನ ಕತೆಯೊಂದರಲ್ಲಿ ಫಿಶ್‌ಮಂಗರ್ ಬಂದರೆ ‘ಮೀನಿನಂಗಡಿಯವನು’ ಎನ್ನಿ. ಅಲ್ಲಿ ಅವನಿಗೆ ಸಾಮಾನ್ಯವಾಗಿ ಅಂಗಡಿ ಇರುತ್ತದೆ, ನಮ್ಮಲ್ಲಿಯ ಹಾಗೆ ಬುಟ್ಟಿ ಹೊತ್ತು ಮನೆ ಬಾಗಿಲಿಗೆ ಬರುವ ಚಿತ್ರ ಅಲ್ಲಿಗೆ ಸಲ್ಲದು.

ಹಂತ 7: ಮನುಷ್ಯನಿಗೆ ಹಚ್ಚುವ ಮುನ್ನ

ಬೈಗುಳದ ಮಂಗರ್ ಒಂದು ವರ್ಣನೆಯಲ್ಲ, ತೀರ್ಪು. ಎದುರಿನವನ ಸರಕು ಸುಳ್ಳು ಅಥವಾ ಉಬ್ಬಿಸಿದ್ದು ಎಂದು ನೀವು ಮೊದಲೇ ನಿರ್ಧರಿಸಿದ್ದೀರಿ ಎಂದೇ ಅದರ ಅರ್ಥ. ಆದ್ದರಿಂದ ಬರೆಯುವ ಮುನ್ನ ಕೇಳಿಕೊಳ್ಳಿ: ಇವನು ಹೇಳಿದ್ದು ಸುಳ್ಳೋ, ಅಥವಾ ನನಗೆ ಬೇಡವಾದ ನಿಜವೋ?

ಉದಾಹರಣೆಗೆ ನಮ್ಮದೇ ಕೈಗಾ ಅಣುವಿದ್ಯುತ್ ಸ್ಥಾವರ. 1994ರಲ್ಲಿ, ಸ್ಥಾವರ ಇನ್ನೂ ಕಟ್ಟುವ ಹಂತದಲ್ಲಿದ್ದಾಗ, ಮೊದಲ ಘಟಕದ ಕಾಂಕ್ರೀಟ್ ಗುಮ್ಮಟದ ಒಳಪದರ ಕುಸಿದು ಬಿದ್ದದ್ದು ದಾಖಲಾದ ಸಂಗತಿ. ಅದನ್ನು ಎತ್ತಿ ಸುರಕ್ಷತೆಯ ಪ್ರಶ್ನೆ ಕೇಳುವವರನ್ನು ಸ್ಕೇರ್‌ಮಂಗರ್ ಎಂದರೆ ಪದದ ದುರ್ಬಳಕೆ. ಅದೇ, ಯಾವ ಅಳತೆಯೂ ಇಲ್ಲದೆ ಕಾಳಿ ನದಿಯ ಮೀನೆಲ್ಲ ವಿಷವಾಗಿದೆ ಎಂದು ವಾಟ್ಸಾಪ್‌ಗೆ ಬಿಡುವವನಿಗೆ ಪದ ಸರಿಯಾಗಿ ಹೊಂದುತ್ತದೆ. ಅವನ ಒಂದು ಸಾಲಿಗೆ ಮೀನುಪೇಟೆಯ ಹೆಂಗಸರ ವಾರದ ವ್ಯಾಪಾರ ಮುಳುಗೀತು. ಮಳೆಗಾಲದಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಡುತ್ತಾರೆ, ನದಿದಂಡೆಯವರು ಎಚ್ಚರ ಎಂದು ಹೇಳುವವ ಊರಿಗೆ ಬೇಕಾದವ. ಅಣೆಕಟ್ಟೇ ಒಡೆಯಿತು ಎಂದು ನೋಡದೆ ಮುಂದೆ ಕಳಿಸುವವ ರೂಮರ್‌ಮಂಗರ್.

ಪೊಲೀಸ್ ದೂರಿನಲ್ಲಿ ಮಾತ್ರ ಈ ಪದ ಬೇಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಂ ಸುಳ್ಳು ಮಾಹಿತಿ, ವದಂತಿ ರಚಿಸುವ, ಪ್ರಕಟಿಸುವ, ಹಂಚುವ ಕೃತ್ಯದ ಬಗ್ಗೆ ಮಾತಾಡುತ್ತದೆ, ‘ಮಂಗರ್’ ಎಂಬ ಮನುಷ್ಯನ ಬಗ್ಗೆ ಅಲ್ಲ. ‘ಇಂಥವನು ರೂಮರ್‌ಮಂಗರ್’ ಎಂದು ಬರೆದುಕೊಟ್ಟರೆ ಅವನೇ ತಿರುಗಿ ನಿಮ್ಮ ಮೇಲೆ ಮಾನಹಾನಿಯ ಮಾತೆತ್ತಬಹುದು. ಅದರ ಬದಲು ಯಾವ ದಿನ, ಎಷ್ಟು ಗಂಟೆಗೆ, ಯಾವ ಗುಂಪಿನಲ್ಲಿ, ಯಾವ ಸಂದೇಶ ಹಾಕಿದ ಎಂದು ಸಾಲಾಗಿ ಬರೆದು, ಆ ಸಂದೇಶದ ಸ್ಕ್ರೀನ್‌ಶಾಟ್ ಲಗತ್ತಿಸಿ. ಮೂಲ ಸಂದೇಶವನ್ನು ಮೊಬೈಲಿನಿಂದ ಅಳಿಸಬೇಡಿ.